ಡಬ್ಬಿ ಮೀನು ಸುರಕ್ಷಿತವಾಗಬೇಕಾದರೆ ರಿಟಾರ್ಟಿನ ಮುಂದೆ ಅವಸರ ಬೇಡ

ಮೊದಲ ಹಂತ ಮೀನನ್ನು ಒಳಗೆ ತೆಗೆದುಕೊಳ್ಳುವುದು. ಬಂಗುಡೆ, ಬೂತಾಯಿ, ಟ್ಯೂನಾ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲ ಹೇರಳವಾಗಿರುವುದರಿಂದ, ಮಂಜುಗಡ್ಡೆ ಸಾಲದೆ ಮೀನು ಬೆಚ್ಚಗಾದರೆ ಬ್ಯಾಕ್ಟೀರಿಯಾಗಳು ಅದನ್ನು ತಿಂದವರಿಗೆ ವಿಷವಾಗುವ ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಹೀಗೆ ಉಂಟಾದ ಹಿಸ್ಟಮಿನ್ ಎಷ್ಟು ಕಾಯಿಸಿದರೂ ನಾಶವಾಗದು. ಹೇಗೂ ಬೇಯುತ್ತದೆ ಎಂದು ತಾಜಾತನ ಕಳೆದುಕೊಂಡ ಮೀನನ್ನು ಸೇರಿಸಿಕೊಳ್ಳಲೇಬಾರದು.

ಶುಚಿಗೊಳಿಸಿ, ಕತ್ತರಿಸಿ, ನಿಗದಿಪಡಿಸಿದ ತೂಕಕ್ಕೆ ಡಬ್ಬಿಗೆ ತುಂಬಿ. ತೂಕ ಹೆಚ್ಚಾದರೆ ಶಾಖ ನಡುಭಾಗ ತಲುಪಲು ತಡವಾಗುತ್ತದೆ. ಮುಚ್ಚಿದ ಡಬ್ಬಿಗಳ ಡಬಲ್ ಸೀಮನ್ನು (ಮುಚ್ಚಳದ ಮತ್ತು ಡಬ್ಬಿಯ ಅಂಚುಗಳನ್ನು ಒಟ್ಟಿಗೆ ಮಡಚಿ ಒತ್ತಿದ ಬೆಸುಗೆ) ಕಣ್ಣಿನಿಂದ ನೋಡಿದರಷ್ಟೇ ಸಾಲದು, ಆಗಾಗ ಕೆಲವನ್ನು ಬಿಚ್ಚಿ ಅಳೆಯಬೇಕು.

ಹೆಚ್ಚಿನವರು ಎಡವುವುದು ರಿಟಾರ್ಟಿನಲ್ಲಿ, ಅಂದರೆ ಮುಚ್ಚಿದ ಡಬ್ಬಿಗಳನ್ನು ಒತ್ತಡದ ಹಬೆಯಲ್ಲಿ ಬೇಯಿಸುವ ದೊಡ್ಡ ಪಾತ್ರೆಯಲ್ಲಿ. ಗಾಳಿಯಿಲ್ಲದ, ಹುಳಿಯಂಶ ಕಡಿಮೆಯಿರುವ ಡಬ್ಬಿ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾ ಬೆಳೆದು ವಿಷ ಉತ್ಪಾದಿಸಲು ಹೇಳಿ ಮಾಡಿಸಿದ ಜಾಗ. ಅದರ ಬೀಜಕಗಳನ್ನು ಕೊಲ್ಲಲು ಕನಿಷ್ಠ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ನಿಮಿಷಕ್ಕೆ ಸಮನಾದ ಶಾಖ ಸಿಗಬೇಕಾದದ್ದು ಡಬ್ಬಿಯೊಳಗೆ ಎಲ್ಲಕ್ಕಿಂತ ನಿಧಾನವಾಗಿ ಕಾಯುವ ಬಿಂದುವಿಗೆ; ಆದ್ದರಿಂದ ರಿಟಾರ್ಟಿನಲ್ಲಿ ಇಡಬೇಕಾದ ಅವಧಿ ಅದಕ್ಕಿಂತ ಬಹಳ ಹೆಚ್ಚು. ಆ ಅವಧಿಯನ್ನು ಡಬ್ಬಿಯ ಗಾತ್ರ, ಮೀನು ಮತ್ತು ರಸಕ್ಕೆ ತಕ್ಕಂತೆ ತಜ್ಞರಿಂದ ನಿಗದಿಪಡಿಸಿಕೊಳ್ಳಬೇಕೇ ಹೊರತು ಇನ್ನೊಂದು ಕಾರ್ಖಾನೆಯದನ್ನು ನಕಲು ಮಾಡಬಾರದು.

ಹಬೆ ಬಿಟ್ಟ ಮೇಲೆ ಒಳಗಿನ ಗಾಳಿ ಪೂರ್ತಿ ಹೊರಹೋಗುವವರೆಗೆ ವೆಂಟ್ (ಗಾಳಿ ಹೊರಬಿಡುವ ಕಿಂಡಿ) ತೆರೆದಿರಲಿ. ಗಾಳಿ ಉಳಿದರೆ ಒತ್ತಡದ ಮಾಪಕ ಸರಿಯಾದ ಅಂಕಿ ತೋರಿಸುತ್ತಿದ್ದರೂ ಕೆಲವು ಡಬ್ಬಿಗಳ ಸುತ್ತ ತಾಪಮಾನ ಕಡಿಮೆಯೇ ಇರುತ್ತದೆ. ಹಬೆ ಉಳಿಸಲೆಂದು ವೆಂಟನ್ನು ಬೇಗ ಮುಚ್ಚುವ ಅಭ್ಯಾಸವನ್ನು ಯಾವ ಕಾರಣಕ್ಕೂ ಒಪ್ಪಬೇಡಿ. ನಿಗದಿತ ತಾಪಮಾನವನ್ನು ಪ್ರಮಾಣೀಕರಿಸಿದ ಥರ್ಮಾಮೀಟರ್ ತೋರಿಸಿದ ನಂತರವೇ ಸಮಯ ಎಣಿಸಲು ಆರಂಭಿಸಿ. ಪ್ರಮಾಣೀಕರಿಸದ ಅಗ್ಗದ ಥರ್ಮಾಮೀಟರನ್ನು ಕೊಳ್ಳಲೇಬೇಡಿ. ನಡುವೆ ತಾಪಮಾನ ಇಳಿದರೆ ಊಹೆಯ ಮೇಲೆ ಒಂದೆರಡು ನಿಮಿಷ ಸೇರಿಸಿ ಮುಂದೆ ಹೋಗದೆ, ಆ ಸಲದ ಡಬ್ಬಿಗಳನ್ನೆಲ್ಲ ಬೇರೆಯಿಟ್ಟು ತಜ್ಞರ ನಿರ್ಣಯ ಪಡೆಯಬೇಕು. ಪ್ರತಿ ಬುಟ್ಟಿಗೂ ಶಾಖಕ್ಕೆ ಬಣ್ಣ ಬದಲಿಸುವ ಪಟ್ಟಿ ಅಂಟಿಸಿದರೆ ಬೇಯದ ಬುಟ್ಟಿ ಬೆಂದವುಗಳ ಸಾಲಿಗೆ ಸೇರಿಹೋಗುವ ಭಯವಿರುವುದಿಲ್ಲ.

ತಣಿಸಲು ಕ್ಲೋರಿನ್ ಬೆರೆಸಿದ ನೀರನ್ನೇ ಬಳಸಿ. ತಣಿಯುವಾಗ ಒಳಗೆ ನಿರ್ವಾತ ಉಂಟಾಗಿ, ಇನ್ನೂ ಮೆತ್ತಗಿರುವ ಸೀಮಿನ ಮೂಲಕ ನೀರಿನ ಹನಿ ಸೂಕ್ಷ್ಮಜೀವಿಗಳೊಡನೆ ಒಳಸೇರಬಹುದು. ಡಬ್ಬಿಗಳು ಸುಮಾರು 40 ಡಿಗ್ರಿಗೆ ಇಳಿದಾಗ ಹೊರತೆಗೆದರೆ ಉಳಿದ ಬಿಸಿಯಲ್ಲಿ ತಾವೇ ಒಣಗುತ್ತವೆ. ಅಲ್ಲಿಯವರೆಗೆ ಯಾರೂ ಅವನ್ನು ಕೈಯಿಂದ ಮುಟ್ಟಬಾರದು.