ಡಿಪಿಎಫ್ ದೀಪ ಹತ್ತಿ ಎರಡು ವರ್ಷ ಆಯ್ತು

ಹೊಗೆಯ ಮಸಿ ಹಿಡಿಯೋ ಡಿಪಿಎಫ್ ಫಿಲ್ಟರ್ ಕಟ್ಟಿಕೊಂಡು ದೀಪ ಹತ್ತಿದಾಗ, ಗಾಡಿ ಮಾರಿಬಿಡು ಅಂದವರೇ ಎಲ್ಲ. ಬೆಂಗಳೂರಲ್ಲೇ ವಿಜಯನಗರದಿಂದ ಹತ್ತಿರದ ರಾಜಾಜಿನಗರಕ್ಕೆ ಓಡಾಡೋನಿಗೆ ಬಿಎಸ್6 ಡೀಸೆಲ್ ಗಾಡಿ ಯಾಕಪ್ಪಾ ಅಂತ ಭಾವ ಈಗಲೂ ಆಡಿಕೊಳ್ತಾರೆ. ಆಡಿಕೊಳ್ಳಲಿ. ದೀಪ ಹತ್ತದೆ 14,000 ಕಿಲೋಮೀಟರ್ ಓಡಿಸಿದ್ದೀನಿ.

ಮೊದಲ ವರ್ಷ ಮೂರು ಸಲ ಹತ್ತಿತ್ತು. ಸರ್ವಿಸ್ ಸೆಂಟರ್‌ನಲ್ಲಿ ಲ್ಯಾಪ್‌ಟಾಪ್ ಚುಚ್ಚಿ ರೀಜೆನ್ (ಫಿಲ್ಟರಲ್ಲಿ ಕೂತ ಮಸಿ ಸುಡೋದು) ಮಾಡೋಕೆ ಪ್ರತಿ ಸಲ 4,000 ಚಿಲ್ಲರೆ. ಮೂರನೇ ಸಲ ಫಿಲ್ಟರೇ ಬದಲಾಯಿಸ್ಬೇಕು, ಲಕ್ಷದ ಮೇಲಾಗುತ್ತೆ ಅಂದರು. ಗ್ಯಾರೇಜಿನವನೊಬ್ಬ ಕಿತ್ತು ಬಿಸಾಕಿ ಸಾಫ್ಟ್‌ವೇರ್ ಬದಲಾಯಿಸಿ ಕೊಡ್ತೀನಿ ಅಂದ. ಕಾನೂನಿಗೆ ವಿರುದ್ಧ, ಬೇಡ ಅಂದೆ. ಆಸೆ ಆಗಿದ್ದೂ ನಿಜ.

ಕೊನೆಗೆ ದಾರಿ ತೋರಿಸಿದ್ದು ಎಂಜಿನ್ ಆಯಿಲ್ ಅಳೆಯೋ ಕಡ್ಡಿ, ಡಿಪ್‌ಸ್ಟಿಕ್. ಆಯಿಲ್ ಇಳಿಯೋ ಬದಲು ಮೇಲಿನ ಗೆರೆ ದಾಟಿತ್ತು, ಮೂಸಿದರೆ ಡೀಸೆಲ್ ವಾಸನೆ! ಗಾಡಿ ತಾನಾಗೇ ರೀಜೆನ್ ಮಾಡ್ತಿರುವಾಗಲೇ ಆಫೀಸ್ ಬಂತು ಅಂತ ನಾನು ಎಂಜಿನ್ ಆಫ್ ಮಾಡ್ತಿದ್ದೆ. ಮಸಿ ಫಿಲ್ಟರಲ್ಲೇ ಉಳೀತು, ಅದನ್ನ ಸುಡೋಕೆ ಚಿಮ್ಮಿಸಿದ ಡೀಸೆಲ್ ಆಯಿಲಿಗೆ ಇಳೀತು.

ಮಸಿ ಎಷ್ಟಿದೆ ಅಂತ ನೋಡೋಕೆ ಗಾಡಿಗೆ ಚುಚ್ಚೋ ಓಬಿಡಿ ರೀಡರ್ ತಗೊಂಡೆ. 350 ರೂಪಾಯಿಯದ್ದು ಎರಡೇ ದಿನಕ್ಕೆ ಸತ್ತುಹೋಯ್ತು, 900ರದ್ದು ಇನ್ನೂ ಇದೆ. ನನ್ನ ಗಾಡಿಯಲ್ಲಿ ಮಸಿ 20 ಗ್ರಾಂ ಆಸುಪಾಸಿಗೆ ರೀಜೆನ್ ಶುರು. ಐಡ್ಲಿಂಗ್ 750 ಆರ್‌ಪಿಎಂ ಇದ್ದದ್ದು 1,000ಕ್ಕೆ ಏರುತ್ತೆ, ಫ್ಯಾನ್ ಕಿರುಚುತ್ತೆ. ಆಗ ಏನೇ ಆಗಲಿ ಆಫ್ ಮಾಡಲ್ಲ, ಇನ್ನೊಂದು ಸುತ್ತು ಹಾಕ್ತೀನಿ. 17 ಗ್ರಾಂ ಕಂಡ ಭಾನುವಾರ ಬೆಳಿಗ್ಗೆ ಆರಕ್ಕೆ ತುಮಕೂರು ರಸ್ತೆ. ನೆಲಮಂಗಲ ದಾಟಿದ ಮೇಲೆ ನಾಲ್ಕನೇ ಗೇರ್, 2,200 ಆರ್‌ಪಿಎಂ, 25 ನಿಮಿಷ. 17ಕ್ಕೇ ರೀಜೆನ್ ಶುರುವಾಗೋ ಹಾಗೆ ಮಾಡೋಕೆ ಒಂದು ಉಪಾಯ ಇದೆ, ಅದು ನನ್ನ ಹತ್ರಾನೇ ಇರಲಿ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನೋ ಹೊತ್ತಿಗೆ ಮಸಿ 4-5 ಗ್ರಾಂಗೆ ಇಳಿದಿರುತ್ತೆ. ಫಿಲ್ಟರ್ ನೆಪ, ಇಡ್ಲಿ ಜಪ ಅಂತಾಳೆ ಹೆಂಡತಿ.

ಮನೆ ಮುಂದೆ ನ್ಯೂಟ್ರಲ್‌ನಲ್ಲಿ 20 ನಿಮಿಷ ರೇಸ್ ಮಾಡಿಯೂ ನೋಡಿದ್ದೆ. ಎಕ್ಸಾಸ್ಟ್ 250 ಡಿಗ್ರಿ ದಾಟಲಿಲ್ಲ, ಬೇಕಾಗಿದ್ದು 600. ಕಾದಿದ್ದು ಪಕ್ಕದ ಮನೆಯವರ ತಲೆ ಮಾತ್ರ. 1,200 ರೂಪಾಯಿಯ ಅಡಿಟಿವ್ ಬಾಟಲಿ ಎರಡು ಟ್ಯಾಂಕಿಗೆ ಹಾಕಿದೆ, ಒಂದು ಗ್ರಾಮೂ ವ್ಯತ್ಯಾಸ ಇಲ್ಲ. ಪ್ರೀಮಿಯಂ ಡೀಸೆಲ್ಲೂ ಅಷ್ಟೇ. ಆಯಿಲ್ ವಿಷಯದಲ್ಲಿ ಮಾತ್ರ ಜಿಪುಣತನ ಬಿಟ್ಟಿದ್ದೀನಿ: ಕಡಿಮೆ ಬೂದಿಯದ್ದೇ ಹಾಕಿಸ್ತೀನಿ. ಮಸಿ ಸುಡುತ್ತೆ, ಆಯಿಲಿಂದ ಫಿಲ್ಟರಿಗೆ ಬರೋ ಬೂದಿ ಸುಡಲ್ಲವಲ್ಲ. ಪುಸ್ತಕದಲ್ಲಿ 10,000 ಅಂತಿದ್ದರೂ 7,500ಕ್ಕೇ ಬದಲಾಯಿಸ್ತೀನಿ.

ಖರ್ಚು? ಹೋಗಿಬರೋಕೆ 130 ಕಿಲೋಮೀಟರ್, ಡೀಸೆಲ್ 700 ರೂಪಾಯಿ ಹತ್ರ, ಟೋಲ್ ಬೇರೆ. ತಿಂಗಳಿಗೆ ಒಂದು ಸಲ. ಇಡ್ಲಿ ಲೆಕ್ಕ ಇಟ್ಟಿಲ್ಲ.