ಹೋಂಬ್ರೂ ಲೋಕಕ್ಕೆ ರೇಸ್‌ಗಳು: ನಾಲ್ಕು ಸಾಕು, ಆದ್ರೆ ಗಟ್ಟಿಯಾಗಿರಲಿ

ಡಂಜನ್ಸ್ ಅಂಡ್ ಡ್ರಾಗನ್ಸ್ ಥರದ, ಟೇಬಲ್ ಸುತ್ತ ಕೂತು ಪಾತ್ರಗಳಾಗಿ ಆಡುವ ಕತೆಯಾಟಕ್ಕೆ ಸ್ವಂತ ಲೋಕ (ಹೋಂಬ್ರೂ) ಕಟ್ಟಲು ಕೂತ ಡಿಎಂ, ಅಂದ್ರೆ ಆಟ ನಡೆಸುವವರು, ಮೊದಲು ಮ್ಯಾಪ್ ಬಿಡಿಸುತ್ತಾರೆ, ಆಮೇಲೆ ರೇಸ್‌ಗಳ (ಎಲ್ಫ್, ಡ್ವಾರ್ಫ್‌ನಂಥ ಜೀವಜಾತಿಗಳ) ಪಟ್ಟಿ ಬರೆಯುತ್ತಾರೆ. ಪಟ್ಟಿ ಹನ್ನೆರಡು ಹದಿನೈದಕ್ಕೆ ಹೋಗಿ ನಿಲ್ಲುತ್ತದೆ. ರೂಲ್‌ಬುಕ್‌ನಲ್ಲಿ ಇರುವುದನ್ನೆಲ್ಲ ಬಿಡೋಕೆ ಮನಸ್ಸು ಬರಲ್ಲ, ಅಲ್ವಾ. ಡಂಜನ್ಸ್ ಅಂಡ್ ಡ್ರಾಗನ್ಸ್‌ನ 2014ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ 9 ರೇಸ್ ಇದ್ದವು. 2024ರದರಲ್ಲಿ 10 ಇವೆ, ಈಗ ಅವನ್ನು ಸ್ಪೀಷೀಸ್ ಅಂತ ಕರೆಯುತ್ತಾರೆ. (ಆಡುವವರ ಬಾಯಲ್ಲಿ ಇನ್ನೂ ರೇಸ್ ಅಂತಲೇ ಇದೆ, ನಾನೂ ಅದನ್ನೇ ಬಳಸುತ್ತೇನೆ.) ಅಷ್ಟನ್ನೂ ನಿಮ್ಮ ಲೋಕಕ್ಕೆ ತುಂಬಬೇಕಿಲ್ಲ. ನಾಲ್ಕೈದು ಜನ ಕೂತು ಆಡುವ ಕ್ಯಾಂಪೇನ್‌ಗೆ (ಹಲವು ಸೆಷನ್, ಅಂದ್ರೆ ಹಲವು ಬೈಠಕ್ ನಡೆಯುವ ಒಂದೇ ಕತೆಗೆ) ನಾಲ್ಕು ರೇಸ್ ಸಾಕು. ಜಾಸ್ತಿ ಅಂದ್ರೆ ಐದು.

ತೆಗೆದುಹಾಕೋದಕ್ಕೆ ಹೆದರಬೇಡಿ. ಅದೇ ಆಟಕ್ಕೆ 1991ರಲ್ಲಿ ಬಂದ ಡಾರ್ಕ್ ಸನ್ ಸೆಟ್ಟಿಂಗ್ ನೋಡಿ. ಒಣಗಿ ಹೋದ ಮರುಭೂಮಿಯ ಲೋಕ ಅದು. ಅಲ್ಲಿ ನೋಮ್‌ಗಳಿಲ್ಲ, ಓರ್ಕ್‌ಗಳೂ ಇಲ್ಲ. ಹಾಫ್‌ಲಿಂಗ್‌ ಅನ್ನುವ ಕುಳ್ಳ ಜನ ಇದ್ದಾರೆ, ಆದರೆ ಬೇರೆ ಲೋಕಗಳ ಹಾಗೆ ಚಹಾ ಕೊಟ್ಟು ಉಪಚರಿಸುವವರಲ್ಲ, ಕಾಡಲ್ಲಿ ಅವಿತು ಮನುಷ್ಯರನ್ನು ತಿನ್ನುವವರು. ಎರಡು ರೇಸ್ ತೆಗೆದು ಒಂದನ್ನು ತಿರುಚಿದ್ದಕ್ಕೇ ಆ ಲೋಕ ಬೇರೆ ಲೋಕಗಳ ಥರ ಇಲ್ಲ ಅಂತ ಮೊದಲ ದಿನವೇ ಗೊತ್ತಾಗುತ್ತದೆ.

ಇನ್ನು ಒಂದೊಂದು ರೇಸನ್ನು ಹೇಗೆ ಕಟ್ಟೋದು? ಹೆಚ್ಚಿನವರು ಸ್ವಭಾವದಿಂದ ಶುರು ಮಾಡುತ್ತಾರೆ: ಇವರು ಜಂಬದವರು, ಇವರು ಮುಂಗೋಪಿಗಳು, ಇವರಿಗೆ ಚಿನ್ನದ ಆಸೆ. ಇದು ಬೇಡ. ದೇಹದಿಂದ ಶುರು ಮಾಡಿ. ಮನುಷ್ಯರಿಗಿಂತ ಬೇರೆಯಾದ ಒಂದೇ ಒಂದು ದೇಹದ ಸಂಗತಿ ಇಟ್ಟುಕೊಂಡು, ಹಾಗಿದ್ದರೆ ಇವರ ಊಟ, ಮನೆ, ಸಾಲ, ಮದುವೆ, ಜಗಳ ಹೇಗಿರುತ್ತದೆ ಅಂತ ಕೇಳುತ್ತಾ ಹೋಗಿ. ರೂಲ್‌ಬುಕ್‌ನಲ್ಲಿ ಈಗಾಗಲೇ ಇರುವ ಸಂಗತಿಗಳೇ ಬೇಕಾದಷ್ಟಿವೆ, ನಾವೇ ಅವನ್ನು ಸುಮ್ನೆ ಓದಿ ದಾಟಿ ಹೋಗಿರುತ್ತೇವೆ. ಆಟದ ಐದನೇ ಎಡಿಷನ್‌ನಲ್ಲಿ (ಮೇಲೆ ಹೇಳಿದ 2014ರ ಪುಸ್ತಕ ಅದರದ್ದೇ) ಎಲ್ಫ್ 750 ವರ್ಷ ಬದುಕಬಲ್ಲ. ಅಂದ್ರೆ ನಿಮ್ಮ ಮುತ್ತಾತನ ಮುತ್ತಾತ ಜಮೀನು ಒತ್ತುವರಿ ಮಾಡಿದ್ದನ್ನು ಕಣ್ಣಾರೆ ಕಂಡ ಸಾಕ್ಷಿ ಪಕ್ಕದ ಬೀದಿಯಲ್ಲೇ ಇದ್ದಾನೆ, ಕೋರ್ಟಿಗೂ ಬರುತ್ತಾನೆ. ಪಹಣಿ ತಿದ್ದುಪಡಿಗೆ ಅಲೆದವರಿಗೆ ಇದರ ಬಿಸಿ ಬೇಗ ಅರ್ಥವಾದೀತು.

ಡಾರ್ಕ್‌ವಿಷನ್ ಕೂಡ ಹಾಗೇ. ಕತ್ತಲಲ್ಲಿ ಕಾಣುತ್ತದೆ ಅಂತ ಎಲ್ಲರೂ ಬರೆದುಕೊಳ್ಳುತ್ತಾರೆ, ಆದರೆ ರೂಲ್ ಪ್ರಕಾರ ಕತ್ತಲಲ್ಲಿ ಅವರಿಗೆ ಬಣ್ಣ ಕಾಣಲ್ಲ, ಬರೀ ಬೂದು ಛಾಯೆ. ಹಾಗಾದ್ರೆ ದೀಪವಿಲ್ಲದ ಡ್ವಾರ್ಫ್ ಗಣಿಯಲ್ಲಿ ಕೆಂಪು ಬಾವುಟಕ್ಕೆ ಅರ್ಥವೇ ಇಲ್ಲ. ಅಪಾಯದ ಗುರುತನ್ನು ಗೋಡೆಯ ಮೇಲೆ ಕೊರೆದಿರುತ್ತಾರೆ, ಕೈಯಾಡಿಸಿ ಓದುವ ಹಾಗೆ. ಮಾಣಿಕ್ಯ ಯಾವುದು ಪಚ್ಚೆ ಯಾವುದು ಅಂತ ನೋಡಲು ಟಾರ್ಚ್ ಹಚ್ಚಬೇಕು, ಹಚ್ಚಿದವನು ಎಲ್ಲರ ಕಣ್ಣಿಗೂ ಬೀಳುತ್ತಾನೆ. ಒಂದು ಸಾಲಿನ ರೂಲ್‌ನಿಂದ ಕಳ್ಳತನದ ಒಂದು ಪೂರ್ತಿ ಸೆಷನ್ ಸಿಕ್ಕಿತು.

ಈಗ ಹೊಸದಾಗಿ ಒಂದನ್ನು ಕಟ್ಟೋಣ. ನಾಗರು. ಎರಡು ಕೈ, ಎರಡು ಕಾಲು, ಮೈಮೇಲೆ ಹಾವಿನ ಚರ್ಮ. ವಿಷದ ಹಲ್ಲು, ಸೀಳು ನಾಲಿಗೆ ಎಲ್ಲರಿಗೂ ಹೊಳೆಯುವಂಥದ್ದು, ಪಕ್ಕಕ್ಕಿಡಿ. ನಾವು ಹಿಡಿದುಕೊಳ್ಳುವುದು ಪೊರೆ ಬಿಡುವುದನ್ನು. ಹಾವು ಪೊರೆ ಬಿಡುವ ಮುಂಚೆ ಕೆಲವು ದಿನ ಕಣ್ಣು ಮಬ್ಬಾಗಿ ಹಾಲುಗಟ್ಟಿದ ಹಾಗೆ ಆಗುತ್ತದೆ, ಸರಿಯಾಗಿ ಕಾಣಲ್ಲ. ನಮ್ಮ ನಾಗರಿಗೂ ಅದೇ. ವರ್ಷದಲ್ಲಿ ಕೆಲವು ಸಲ, ಪ್ರತಿಯೊಬ್ಬರೂ, ರಾಜನೂ ಸೇರಿ, ಅರೆಕುರುಡರಾಗುತ್ತಾರೆ.

ಆಗ ಅವರನ್ನು ಕಾಯುವವರು ಯಾರು? ಊರಿಗೊಂದು ಪೊರೆಮನೆ ಇರುತ್ತದೆ, ಒಳಗೆ ಆಯುಧ ತರುವ ಹಾಗಿಲ್ಲ, ಬದ್ಧ ವೈರಿಗಳೂ ಅಕ್ಕಪಕ್ಕ ಮಲಗುತ್ತಾರೆ. ರಾಜನ ಪೊರೆಯ ದಿನ ರಾಜ್ಯದ ದೊಡ್ಡ ಗುಟ್ಟು, ಅದನ್ನು ಮಾರುವ ಗೂಢಚಾರರಿದ್ದಾರೆ. ಮದುವೆ ಅಂದ್ರೆ ತಾಳಿಯಲ್ಲ, ನನ್ನ ಮಬ್ಬಿನ ದಿನಗಳಲ್ಲಿ ನೀನು ಪಕ್ಕದಲ್ಲಿರು ಅಂತ ಮಾತು ಕೊಡುವುದು. ಇನ್ನೊಂದು ಇದೆ: ಪೊರೆ ಹೋದರೆ ಗಾಯದ ಗುರುತು ಹೋಗುತ್ತದೆ, ಹಚ್ಚೆಯೂ ಹೋಗುತ್ತದೆ. ಕಳ್ಳನಿಗೆ ಬರೆ ಎಳೆದರೆ ಮುಂದಿನ ಪೊರೆಗೆ ಅವನು ಹೊಸಬ.

ಇಲ್ಲಿ ಮನುಷ್ಯರಿಗೆ ಕೆಲಸ ಬರುತ್ತದೆ. ಮನುಷ್ಯ ಅಂದ್ರೆ ಯಾವ ವಿಶೇಷವೂ ಇಲ್ಲದವನು ಅಂತ ಬಿಟ್ಟುಬಿಡುವುದು ದೊಡ್ಡ ಸೋಮಾರಿತನ. ನಾಗರ ಪಕ್ಕ ಇಟ್ಟರೆ ಮನುಷ್ಯ ಅಂದ್ರೆ ಗುರುತು ಅಳಿಯದವನು. ಹಾಗಾಗಿ ಇಬ್ಬರು ನಾಗರ ನಡುವಿನ ದೊಡ್ಡ ಸಾಲವನ್ನು ಒಬ್ಬ ಮನುಷ್ಯನ ಮುಂಗೈ ಮೇಲೆ ಹಚ್ಚೆ ಹಾಕುತ್ತಾರೆ. ಅವನಿಗೆ ಅದಕ್ಕೆ ಸಂಬಳವಿದೆ. ಸಾಲ ತೀರುವ ತನಕ ಅವನು ಸಾಯುವ ಹಾಗಿಲ್ಲ, ಊರು ಬಿಡುವ ಹಾಗಿಲ್ಲ. ಸಾಲ ಮುಳುಗಿಸಬೇಕೆಂದಿರುವವರು ಅವನ ಕೈಯನ್ನೇ ಹುಡುಕಿಕೊಂಡು ಬರುತ್ತಾರೆ. ನಿಮ್ಮ ಪಾರ್ಟಿಯಲ್ಲಿ (ಪ್ಲೇಯರ್‌ಗಳ ಪಾತ್ರಗಳ ಗುಂಪಲ್ಲಿ) ಅಂಥ ಕೈ ಇರುವ ಒಬ್ಬ ಪ್ಲೇಯರ್ ಇದ್ದರೆ ಕತೆ ಹುಡುಕುವ ಕಷ್ಟವೇ ಇಲ್ಲ. ಹೀಗೆ ಪ್ರತಿ ರೇಸ್‌ಗೂ ಇನ್ನೊಂದು ರೇಸ್‌ನಿಂದ ಆಗಬೇಕಾದ ಏನೋ ಒಂದು ಇರಬೇಕು. ಇಲ್ಲದಿದ್ದರೆ ಅವರು ಮ್ಯಾಪ್‌ನ ಬೇರೆ ಬೇರೆ ಮೂಲೆಯಲ್ಲಿ ಕೂತು ಒಬ್ಬರನ್ನೊಬ್ಬರು ದ್ವೇಷಿಸುವುದರಲ್ಲೇ ಕಾಲ ಕಳೆಯುತ್ತಾರೆ.

ಇಡೀ ರೇಸ್ ಹುಟ್ಟಿನಿಂದಲೇ ಕೆಟ್ಟದ್ದು ಅನ್ನುವುದನ್ನಂತೂ ಬಿಟ್ಟುಬಿಡಿ. ಹುಟ್ಟಿನಿಂದ ಇವರು ಮೇಲು, ಇವರು ಕೀಳು ಅನ್ನುವ ಮಾತು ನಮ್ಮ ಊರುಗಳಲ್ಲಿ ಕೇಳಿ ಸಾಕಾಗಿದೆ, ಆಟದಲ್ಲೂ ಅದನ್ನು ರೂಲ್ ಮಾಡೋದು ಯಾಕೆ? ಕತೆಯ ದೃಷ್ಟಿಯಿಂದಲೂ ಅದು ಸಪ್ಪೆಯೇ. ರಕ್ಕಸರನ್ನೇ ನೋಡಿ. ರಾವಣ, ಕುಂಭಕರ್ಣ, ವಿಭೀಷಣ ಒಂದೇ ಮನೆಯವರು, ಮೂರು ದಾರಿ. ಯಕ್ಷಗಾನದಲ್ಲಿ ಬಣ್ಣದ ವೇಷ ಅಬ್ಬರಿಸಿ ರಂಗಕ್ಕೆ ಬಂದಾಗ ನಿದ್ದೆಗಣ್ಣಲ್ಲಿ ಕೂತವರೂ ನೆಟ್ಟಗಾಗುತ್ತಾರೆ, ಆ ಗತ್ತು ನಿಮ್ಮ ರಕ್ಕಸರಿಗೂ ಇರಲಿ. ಒಂದು ರೇಸ್ ಬರೆದಾಗ ಅದರಲ್ಲಿ ತಮ್ಮತಮ್ಮಲ್ಲೇ ಜಗಳವಾಡುವ ಎರಡು ಗುಂಪು ಬರೆಯಿರಿ. ನಾಗರಲ್ಲಿ ಪೊರೆಯನ್ನು ಸುಡಬೇಕು ಅನ್ನುವವರು, ಜೋಪಾನ ಮಾಡಬೇಕು ಅನ್ನುವವರು. ಅಷ್ಟು ಸಾಕು. ಹಾಗೇ, ನಿಜವಾದ ಒಂದು ಸಮುದಾಯದ ಉಡುಗೆ, ಮಾತಿನ ಧಾಟಿ ಎತ್ತಿ ಗಾಬ್ಲಿನ್‌ಗಳಿಗೆ (ಆಟದ ಕುಳ್ಳ ರಕ್ಕಸರಿಗೆ) ಅಂಟಿಸಬೇಡಿ. ನಗು ಬರುವುದು ಟೇಬಲ್‌ನಲ್ಲಿ ಆ ಸಮುದಾಯದವರು ಇಲ್ಲದಿದ್ದಾಗ ಮಾತ್ರ.

ನಂಬರ್‌ಗಳ ವಿಷಯ ಬೇಗ ಮುಗಿಸೋಣ. 2024ರ ರೂಲ್‌ಗಳಲ್ಲಿ ಎಬಿಲಿಟಿ ಸ್ಕೋರ್ (ಬಲ, ಬುದ್ಧಿಯಂಥವುಗಳ ಅಂಕ) ಹೆಚ್ಚಳ ಬ್ಯಾಕ್‌ಗ್ರೌಂಡ್‌ಗೆ (ಪಾತ್ರದ ಹಿಂದಿನ ಬದುಕಿಗೆ) ಹೋಗಿದೆ, ರೇಸ್‌ಗೆ ಅದರ ತಲೆನೋವಿಲ್ಲ. ಪ್ರತಿ ರೇಸ್‌ಗೆ ಇಷ್ಟು ಕೊಡಿ: ಸದಾ ಇರುವ ಒಂದು ಸಣ್ಣ ಶಕ್ತಿ, ದಿನಕ್ಕೊಮ್ಮೆ ಬಳಸುವ ಒಂದು ದೊಡ್ಡ ಶಕ್ತಿ, ಒಂದು ತೊಂದರೆ. ನಮ್ಮ ನಾಗರಿಗೆ: ಸೆಷನ್ ಶುರುವಾಗುವಾಗ ಡಿ6 (ಆರು ಮುಖದ ದಾಳ) ಉರುಳಿಸಿ, 1 ಬಿದ್ದರೆ ಮಬ್ಬು, ಕಣ್ಣಿನಿಂದ ಮಾಡುವ ಪರ್ಸೆಪ್ಷನ್‌ಗೆ (ಗಮನಿಸುವ ಪರೀಕ್ಷೆಗೆ) ಡಿಸ್‌ಅಡ್ವಾಂಟೇಜ್, ಅಂದ್ರೆ ಎರಡು ಸಲ ಉರುಳಿಸಿ ಕಡಿಮೆ ಬಿದ್ದದ್ದೇ ಲೆಕ್ಕ. ಸೆಷನ್ ಮುಗಿಯುವಾಗ ಪೊರೆ ಹೋಗುತ್ತದೆ, ಜೊತೆಗೆ ಮೈಗೆ ಹತ್ತಿದ ಒಂದು ವಿಷ ಅಥವಾ ರೋಗವೂ. ಹಾರುವ ರೇಸ್ ಕೊಡುವ ಮುಂಚೆ ಮಾತ್ರ ಎರಡು ಸಲ ಯೋಚಿಸಿ. ಮೊದಲ ಲೆವೆಲ್‌ನಲ್ಲೇ ಹಾರುವವನಿಗೆ ಗುಂಡಿ, ಹೊಳೆ, ಕೋಟೆ ಗೋಡೆ ಯಾವುದೂ ಲೆಕ್ಕಕ್ಕಿಲ್ಲ, ನೀವು ರಾತ್ರಿಯಿಡೀ ಕೂತು ಮಾಡಿದ ಡಂಜನ್ (ಅಪಾಯ ತುಂಬಿದ ನೆಲಮಾಳಿಗೆ) ಹತ್ತು ನಿಮಿಷಕ್ಕೆ ಖಾಲಿ. ಮೇಲಿಂದ ತೇಲಿ ಇಳಿಯುವ ಶಕ್ತಿ ಕೊಡಿ, ಏರುವುದು ಐದನೇ ಲೆವೆಲ್‌ಗಿರಲಿ.

ಹೆಸರುಗಳು ಬಾಯಿಗೆ ಬರುವ ಹಾಗಿರಲಿ. ನಡುವೆ ಮೂರು ಕಡೆ ಅಪಾಸ್ಟ್ರಫಿ ಇರುವ ಹೆಸರನ್ನು ಎರಡನೇ ಸೆಷನ್‌ಗೆ ಎಲ್ಲರೂ "ಆ ಕೆ ಅಕ್ಷರದವನು" ಅಂತ ಕರೆಯುತ್ತಾರೆ. ಒಂದೊಂದು ರೇಸ್‌ನ ಊರುಗಳಿಗೆ ಒಂದೊಂದು ಬಾಲ ಇಡಿ. ಕೊಪ್ಪ, ಕೆರೆ, ಹಳ್ಳಿ, ಪುರ ಅಂತ ನಮ್ಮಲ್ಲಿ ಇದೆಯಲ್ಲ, ಹಾಗೆ. ನಾಗರ ಊರೆಲ್ಲ ಹುತ್ತ ಅಂತ ಮುಗಿಯಲಿ: ಕರಿಹುತ್ತ, ಏಳುಹುತ್ತ. ಮ್ಯಾಪ್ ನೋಡಿದರೇ ಯಾರ ಸೀಮೆ ಅಂತ ತಿಳಿಯುತ್ತದೆ.

ಇಷ್ಟೆಲ್ಲ ಬರೆದ ಮೇಲೆ ಪ್ಲೇಯರ್‌ಗಳಿಗೆ ಕೊಡುವುದು ರೇಸ್‌ಗೆ ಐದು ಸಾಲು ಮಾತ್ರ. ಅದಕ್ಕಿಂತ ಜಾಸ್ತಿ ಯಾರೂ ಓದಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಸೆಷನ್ ಝೀರೋದಲ್ಲಿ (ಆಟಕ್ಕೆ ಮುಂಚಿನ ಮಾತುಕತೆಯಲ್ಲಿ) ಒಬ್ಬರಾದರೂ ನನಗೆ ಡ್ರಾಗನ್ ಹೋಲುವ ಡ್ರಾಗನ್‌ಬಾರ್ನ್ ರೇಸ್ ಬೇಕು ಅನ್ನುತ್ತಾರೆ, ನಿಮ್ಮ ಲೋಕದಲ್ಲಿ ಅದಿಲ್ಲ. ಇಲ್ಲ ಅನ್ನುವ ಮುಂಚೆ ಅವರಿಗೆ ಬೇಕಿರುವುದು ಏನು ಅಂತ ಕೇಳಿ. ಬಾಯಿಂದ ಬೆಂಕಿ, ವಿಷ ಉಗುಳುವ ಮಜಾ ಬೇಕಿದ್ದರೆ 2014ರ ಹಸಿರು ಡ್ರಾಗನ್‌ಬಾರ್ನ್‌ನ 15 ಅಡಿ ವಿಷದ ಉಸಿರನ್ನು ನಂಬರ್ ಸಮೇತ ಎತ್ತಿ ನಾಗನಿಗೆ ಕೊಡಿ, ದಿನಕ್ಕೊಮ್ಮೆಯ ಶಕ್ತಿ ಅಂತ. ರೆಕ್ಕೆಯೂ ಬೇಕು ಅಂದ್ರೆ ಮೇಲೆ ಹೇಳಿದ್ದನ್ನು ತೋರಿಸಿ, ಐದನೇ ಲೆವೆಲ್ ತನಕ ಕಾಯಲಿ.