ದುರ್ವಾಸನೆ ಮರದ ಅಣು ಹಿಡಿದು ಡ್ರಗ್ ಡಿಸೈನ್ ಕಲಿಸಿದ್ದು

ಶಿರಸಿಯಲ್ಲಿ ಬಿಎಸ್ಸಿ ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಔಷಧದ ಅಣುವನ್ನು ಹೇಗೆ ರೂಪಿಸುತ್ತಾರೆ ಅನ್ನುವ ಪಾಠಕ್ಕೆ ನಾನು ಆರಿಸಿಕೊಂಡಿದ್ದು ಕ್ಯಾನ್ಸರ್ ಕೋಶ ಕೊಲ್ಲುವ ಕ್ಯಾಂಪ್ಟೋಥೆಸಿನ್ ಅನ್ನುವ ಅಣು. ನಮ್ಮ ಘಟ್ಟದ ಕಾಡಿನ ದುರ್ವಾಸನೆ ಮರದಲ್ಲೇ ಅದು ಸಿಗುತ್ತದೆ. 1966ರಲ್ಲಿ ವಿಜ್ಞಾನಿಗಳಾದ ವಾಲ್ ಮತ್ತು ವಾನಿ ಚೀನಾದ ಒಂದು ಮರದಿಂದ ಇದನ್ನು ತೆಗೆದು ರಚನೆ ತಿಳಿಸಿದರು. ನಮ್ಮ ಮರದಲ್ಲೂ ಇದೆ ಅಂತ 1972ರಲ್ಲಿ ತೋರಿಸಿದವರು ಗೋವಿಂದಾಚಾರಿ ಮತ್ತು ವಿಶ್ವನಾಥನ್.

"ಸರ್, ತೊಗಟೆ ತರೋಣ್ವಾ?" ಅಂತ ಮಕ್ಕಳು ಕೇಳಿದರು. ಬೇಡ ಅಂದೆ. ಈ ಅಣುವಿನ ಆಸೆಗೇ ಘಟ್ಟದಲ್ಲಿ ಎಷ್ಟೋ ಮರ ಕಡಿದಿದ್ದಾರೆ. ಮೇಲಾಗಿ ಇದು ವಿಷ. ಲ್ಯಾಪ್‌ಟಾಪಿನಲ್ಲೇ ಕೆಲಸ ಶುರು ಮಾಡಿದೆವು.

ಜೀವಕೋಶದಲ್ಲಿ ಟೋಪೋಐಸೋಮರೇಸ್ 1 ಅನ್ನುವ ಕಿಣ್ವ ಇದೆ. ಡಿಎನ್‌ಎ ಸುರುಳಿ ಬಿಗಿಯಾದಾಗ ಒಂದು ಎಳೆ ಕತ್ತರಿಸಿ, ಸಡಿಲಿಸಿ, ಮತ್ತೆ ಜೋಡಿಸುತ್ತದೆ. ಬಾಗಿಲ ಸಂದಿಗೆ ಚಕ್ಕೆ ಸಿಕ್ಕಿಸಿದ ಹಾಗೆ ಕ್ಯಾಂಪ್ಟೋಥೆಸಿನ್ ಆ ಕತ್ತರಿಸಿದ ಜಾಗದಲ್ಲಿ ಕೂರುತ್ತದೆ. ಜೋಡಣೆ ನಿಲ್ಲುತ್ತದೆ, ಬೇಗ ಬೇಗ ಒಡೆದು ಬೆಳೆಯುವ ಕ್ಯಾನ್ಸರ್ ಕೋಶ ಸಾಯುತ್ತದೆ.

ಟೋಪೋಟೆಕಾನ್ ಅನ್ನುವ ಔಷಧ ಇದೇ ಅಣುವಿನ ಸುಧಾರಿತ ರೂಪ. ಅದು ಕಿಣ್ವದಲ್ಲಿ ಕೂತಿರುವ ರಚನೆ ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ 1ಕೆ4ಟಿ ಹೆಸರಲ್ಲಿ ಪುಕ್ಕಟೆ ಸಿಗುತ್ತದೆ. ಅದನ್ನು ಇಳಿಸಿಕೊಂಡು ನೀರಿನ ಅಣು ತೆಗೆದು, ಹೈಡ್ರೋಜನ್ ಸೇರಿಸಿದೆ. ಡಿಎನ್‌ಎ ಮಾತ್ರ ಮುಟ್ಟಲಿಲ್ಲ. ಪ್ರೋಟೀನ್ ಒಂದೇ ಸಾಕು ಅಂತ ಅದನ್ನೂ ತೆಗೆದರೆ ಕೆಲಸ ಕೆಟ್ಟಿತು, ಯಾಕಂದ್ರೆ ಔಷಧ ಕೂರುವುದೇ ಡಿಎನ್‌ಎ ಜೋಡಿಗಳ ನಡುವೆ. ಆಮೇಲೆ ಟೋಪೋಟೆಕಾನ್ ಹೊರತೆಗೆದು, ಆಟೋಡಾಕ್ ವಿನಾ ಅನ್ನುವ ತಂತ್ರಾಂಶದಲ್ಲಿ ಮತ್ತೆ ಅದೇ ಜಾಗಕ್ಕೆ ಕೂರಿಸಿದೆ. ಮೂಲ ಭಂಗಿಗೂ ಇದಕ್ಕೂ ವ್ಯತ್ಯಾಸ 2 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ) ಒಳಗಿದ್ದರೆ ಮಾತ್ರ ಮುಂದಿನ ಹೆಜ್ಜೆ. ಹೀಗೆ ಕಂಪ್ಯೂಟರಿನಲ್ಲಿ ಅಣು ಕೂರಿಸುವುದಕ್ಕೆ ಡಾಕಿಂಗ್ ಅನ್ನುತ್ತಾರೆ. ಈ ಪರೀಕ್ಷೆ ಮಾಡದ ಡಾಕಿಂಗ್ ಫಲಿತಾಂಶವನ್ನು ನಾನು ನಂಬುವುದಿಲ್ಲ.

ನಂತರ ಕ್ಯಾಂಪ್ಟೋಥೆಸಿನ್ ಹಾಕಿದೆವು. ಅಣು ಎಷ್ಟು ಗಟ್ಟಿಯಾಗಿ ಕೂರುತ್ತದೆ ಅಂತ ಕಂಪ್ಯೂಟರ್ ಕೊಡುವ ಸ್ಕೋರು ಎರಡಕ್ಕೂ ಹತ್ತಿರ ಹತ್ತಿರ ಬಂತು. ಮದ್ದಾಗುವ ಅಣುವಿನ ಭಾರ, ಗುಣಗಳಿಗೆ ಮಿತಿ ಹೇಳುವ ಲಿಪಿನ್‌ಸ್ಕಿ ನಿಯಮದಲ್ಲೂ ನೋಡಿದೆವು. ಅಣುಭಾರ 348, ಅಂದರೆ 500ಕ್ಕಿಂತ ಕಡಿಮೆ. ಉಳಿದದ್ದೂ ಪಾಸು. ಹಾಗಾದ್ರೆ ಇದೇ ಔಷಧ ಆಗಬೇಕಿತ್ತು, ಅಲ್ವಾ?

ಆಗಲಿಲ್ಲ. ಅದು ನೀರಿನಲ್ಲಿ ಕರಗುವುದೇ ಇಲ್ಲ. ಸೋಡಿಯಂ ಲವಣ ಮಾಡಿದರೆ ಕರಗುತ್ತದೆ, ಆದರೆ ಅದಕ್ಕಾಗಿ ತುದಿಯಲ್ಲಿರುವ, ಲ್ಯಾಕ್ಟೋನ್ ಅನ್ನುವ ಪರಮಾಣುಗಳ ಉಂಗುರ ತೆರೆಯಬೇಕು. ತೆರೆದರೆ ಮದ್ದಿನ ಶಕ್ತಿಯೇ ಹೋಗುತ್ತದೆ. ಆ ಲವಣವನ್ನು ರೋಗಿಗಳಿಗೆ ಕೊಟ್ಟು ನೋಡಿದಾಗ ಗುಣ ಕಡಿಮೆ, ಮೂತ್ರಕೋಶಕ್ಕೆ ಪೆಟ್ಟು ಜಾಸ್ತಿ. ಪ್ರಯೋಗ ಅಲ್ಲಿಗೇ ನಿಂತಿತು. ಮುಂದೆ 1985ರಲ್ಲಿ ಅದರ ಗುರಿ ಯಾವ ಕಿಣ್ವ ಅಂತ ತಿಳಿದ ಮೇಲೆ ಮತ್ತೆ ಆಸಕ್ತಿ ಚಿಗುರಿತು. ಪಾಠದಲ್ಲಿ ನಾನು ಜಾಸ್ತಿ ಹೊತ್ತು ನಿಲ್ಲುವುದು ಇಲ್ಲೇ. ಕಂಪ್ಯೂಟರಿನ ಸ್ಕೋರಿಗೆ ನೀರೂ ಗೊತ್ತಿಲ್ಲ, ರಕ್ತವೂ ಗೊತ್ತಿಲ್ಲ.

ಬೋರ್ಡಿನ ಮೇಲೆ ಅಣು ಬರೆದು ಕೇಳುತ್ತೇನೆ: ಉಂಗುರ ಮುಟ್ಟದೆ ಕರಗಿಸುವುದು ಹೇಗೆ? ಟೋಪೋಟೆಕಾನ್ ಮಾಡಿದವರು ಇನ್ನೊಂದು ತುದಿಗೆ ಕೈ ಹಾಕಿದರು. 10ನೇ ಇಂಗಾಲಕ್ಕೆ ಹೈಡ್ರಾಕ್ಸಿಲ್, 9ನೇದಕ್ಕೆ ಅಮೈನ್ ಇರುವ ಬಾಲ. ಅಮೈನ್ ಆಮ್ಲದ ಜೊತೆ ಲವಣವಾಗುತ್ತದೆ, ಮದ್ದು ಕರಗುತ್ತದೆ, ಉಂಗುರ ಹಾಗೇ ಉಳಿಯುತ್ತದೆ. ಇದೇ ಅಣುವಿನಿಂದ ಬಂದ ಇನ್ನೊಂದು ಔಷಧ ಇರಿನೋಟೆಕಾನ್. ಅದರ ದಾರಿ ಬೇರೆ. ಅದು ಭಾರವಾದ ಬಾಲ ಹೊತ್ತು ದೇಹಕ್ಕೆ ಹೋಗುತ್ತದೆ, ಮುಖ್ಯವಾಗಿ ಯಕೃತ್ತಿನ ಕಿಣ್ವ ಆ ಬಾಲ ಕತ್ತರಿಸಿದ ಮೇಲೆ ಎಸ್‌ಎನ್-38 ಅನ್ನುವ ಅಣುವಾಗಿ ಕೆಲಸ ಮಾಡುತ್ತದೆ. ಅದರ ಅಣುಭಾರ ಸುಮಾರು 587, ಲಿಪಿನ್‌ಸ್ಕಿ ಮಿತಿ ದಾಟಿದೆ. ಆದರೂ ಔಷಧವಾಗಿದೆ, ಯಾಕಂದ್ರೆ ಆ ನಿಯಮ ಬಾಯಲ್ಲಿ ನುಂಗುವ ಮದ್ದಿಗೆ. ಇದನ್ನು ನರಕ್ಕೆ ಕೊಡುತ್ತಾರೆ. ಅಮೆರಿಕದಲ್ಲಿ ಎರಡಕ್ಕೂ 1996ರಲ್ಲಿ ಒಪ್ಪಿಗೆ ಸಿಕ್ಕಿತು.

ಈಗ ಮಕ್ಕಳಿಗೆ ಕೊಡುವ ಕೆಲಸ ಇದು: 7, 9, 10ನೇ ಜಾಗದಲ್ಲಿ ಏನಾದರೂ ಸೇರಿಸಿ ನಿಮ್ಮದೇ ಅಣು ಬರೆಯಿರಿ, ಡಾಕ್ ಮಾಡಿ, ಅದು ಹೇಗೆ ಕರಗುತ್ತದೆ ಅಂತ ಎರಡು ಸಾಲು ಬರೆಯಿರಿ. 20ನೇ ಇಂಗಾಲ ಮಾತ್ರ ಹಾಗೇ ಇರಲಿ, ಅಲ್ಲಿ ಎಸ್ ರೂಪ ತಿರುಗಿ ಅದರ ಕನ್ನಡಿ ಬಿಂಬದಂಥ ಆರ್ ರೂಪ ಆದರೆ ಅಣು ಕೆಲಸಕ್ಕೆ ಬರುವುದಿಲ್ಲ.